ಕವಡೆ ಕಾಸಿನ ಲೆಕ್ಕ

‘ಅದಕ್ಕೆ ಕವಡೆ ಕಾಸಿನ ಕಿಮ್ಮತ್ತಿಲ್ಲ’ ಅನ್ನುವ ಮಾತನ್ನು ನಾವು ದಿನಕ್ಕೊಮ್ಮೆಯಾದರೂ ಆಡುತ್ತೇವೆ, ಇಲ್ಲವೇ ಕೇಳುತ್ತೇವೆ. ಇತ್ತೀಚೆಗೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಂದು ಸಂಖ್ಯೆ ನೆನಪಾಗುತ್ತದೆ. 1770ರ ದಶಕದಲ್ಲಿ ಪಶ್ಚಿಮ ಆಫ್ರಿಕದ ವೀದಾ ಬಂದರಿನಲ್ಲಿ (ಈಗಿನ ಬೆನಿನ್ ದೇಶ) ಗಟ್ಟಿಮುಟ್ಟಾದ ಒಬ್ಬ ಗಂಡಸಿನ ಬೆಲೆ ಒಂದೂವರೆ ಲಕ್ಷ ಕವಡೆಯನ್ನು ದಾಟಿತ್ತು. ಕವಡೆ ಅಂದರೆ ಕವಡೆಯೇ. ಚೌಕಾಬಾರದಲ್ಲಿ ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ ಅನ್ನುತ್ತೇವಲ್ಲ, ಅದು. ಸವದತ್ತಿ ಎಲ್ಲಮ್ಮನ ಜೋಗತಿಯರ ಕೊರಳ ಸರದಲ್ಲಿರುವುದೂ, ಜಾತ್ರೆಯ ಎತ್ತಿನ ಕೊರಳಪಟ್ಟಿಯಲ್ಲಿರುವುದೂ ಅದೇ. ಆಫ್ರಿಕದ ಆ ಕರಾವಳಿಯಲ್ಲಿ ಈ ಜಾತಿಯ ಕವಡೆ ಬೆಳೆಯುವುದಿಲ್ಲ. ಅಷ್ಟೂ ಹೋದದ್ದು ನಮ್ಮ ಕಡಲಿನಿಂದ, ಮುಖ್ಯವಾಗಿ ಮಾಲ್ಡೀವ್ಸ್ ದ್ವೀಪಗಳಿಂದ.

ಅಟ್ಲಾಂಟಿಕ್ ಗುಲಾಮ ವ್ಯಾಪಾರ ಅಂದ ಕೂಡಲೇ ಪಠ್ಯಪುಸ್ತಕದ ತ್ರಿಕೋನ ಕಣ್ಣಮುಂದೆ ಬರುತ್ತದೆ: ಯುರೋಪಿನಿಂದ ಸರಕು, ಆಫ್ರಿಕದಿಂದ ಮನುಷ್ಯರು, ಅಮೆರಿಕದಿಂದ ಸಕ್ಕರೆ. ಚಿತ್ರ ತಪ್ಪಲ್ಲ. ಆದರೆ ಯುರೋಪಿನಿಂದ ಹೊರಟ ಆ ಸರಕು ಯುರೋಪಿನದೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಹಡಗಿನಲ್ಲಿದ್ದ ಬಟ್ಟೆಯಲ್ಲಿ ದೊಡ್ಡ ಪಾಲು ಗುಜರಾತಿನದು, ಕೋರಮಂಡಲದ್ದು. ಕವಡೆಯಂತೂ ಪೂರ್ತಿ ಹಿಂದೂ ಮಹಾಸಾಗರದ್ದು. ಆ ತ್ರಿಕೋನಕ್ಕೆ ನಮ್ಮ ಕಡೆಗೆ ಚಾಚಿದ ಒಂದು ನಾಲ್ಕನೇ ಮೂಲೆ ಇದೆ. ಯುರೋಪಿನವರು ಅದನ್ನು ಹೊಸದಾಗಿ ಎಳೆಯಲಿಲ್ಲ, ಮುಸ್ಲಿಂ ವರ್ತಕರು ಮೊದಲೇ ಎಳೆದಿಟ್ಟಿದ್ದ ಗೆರೆಯನ್ನು ಕಡಲ ದಾರಿಗೆ ತಿರುಗಿಸಿಕೊಂಡರು.

ಮಾಲೆಯಿಂದ ಮಾಲಿಗೆ

ಆ ಹಳೆಯ ಗೆರೆಯ ಎರಡೂ ತುದಿಗಳನ್ನು ಕಣ್ಣಾರೆ ಕಂಡು ಬರೆದಿಟ್ಟವನು ಮೊರಾಕೊದ ಪ್ರವಾಸಿ ಇಬ್ನ್ ಬತೂತ. 1340ರ ದಶಕದ ಮೊದಲಲ್ಲಿ ಅವನು ನಮ್ಮ ಹೊನ್ನಾವರದಲ್ಲಿದ್ದ. ಅಲ್ಲಿನ ಸುಲ್ತಾನ ಜಮಾಲುದ್ದೀನನ ಆತಿಥ್ಯ ಪಡೆದ, ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಬರೆದ. ಅಲ್ಲಿಂದ ಮಲಬಾರಿನ ಮೂಲಕ ಮಾಲ್ಡೀವ್ಸಿಗೆ (ಅದರ ರಾಜಧಾನಿ ಮಾಲೆ) ಹೋಗಿ ಅಲ್ಲಿ ಖಾಜಿಯಾದ, ಅಂದರೆ ನ್ಯಾಯಾಧೀಶನಾದ. ದ್ವೀಪದ ನಾಣ್ಯವೇ ಕವಡೆ, ಒಂದು ಚಿನ್ನದ ದಿನಾರಿಗೆ ನಾಲ್ಕು ಲಕ್ಷ ಸಿಗುತ್ತದೆ, ಅಗ್ಗವಾದಾಗ ಹನ್ನೆರಡು ಲಕ್ಷದವರೆಗೂ ಕೊಡುತ್ತಾರೆ ಎಂಬುದು ಅವನ ಲೆಕ್ಕ. ಎಣಿಕೆಗೆ ಹೆಸರುಗಳೂ ಇದ್ದವು: 12,000ಕ್ಕೆ ಒಂದು ‘ಕೊಟ್ಟ’, ಒಂದು ಲಕ್ಷಕ್ಕೆ ಒಂದು ‘ಬುಸ್ತು’. ಬಂಗಾಳದವರು ಅಕ್ಕಿ ಕೊಟ್ಟು ಕವಡೆ ಒಯ್ಯುತ್ತಿದ್ದರು. ಯೆಮನಿನವರು ಹಡಗು ಹೊಯ್ದಾಡದಿರಲಿ ಎಂದು ತಳಕ್ಕೆ ಮರಳಿನ ಬದಲು ಕವಡೆ ತುಂಬಿಕೊಳ್ಳುತ್ತಿದ್ದರು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹತ್ತು ವರ್ಷ ಕಳೆಯುವುದರೊಳಗೆ ಅದೇ ಮನುಷ್ಯ ಸಹಾರಾ ದಾಟಿ ಮಾಲಿ ಸಾಮ್ರಾಜ್ಯದಲ್ಲಿದ್ದ. ಅಲ್ಲಿಯೂ, ನೈಜರ್ ನದಿಯ ದಂಡೆಯ ಗಾವೊದಲ್ಲಿಯೂ ಅವನು ಕಂಡ ದರ ದಿನಾರಿಗೆ 1,150 ಕವಡೆ. ನಾಲ್ಕು ಲಕ್ಷವೆಲ್ಲಿ, 1,150 ಎಲ್ಲಿ! ಸುಮಾರು 350 ಪಟ್ಟು ವ್ಯತ್ಯಾಸ. ಈ ನಡುವಿನ ದಾರಿಯಲ್ಲಿ ಅರಬ್ಬೀ ಹಡಗು, ಕೈರೋದ ವರ್ತಕರು, ಮಘ್ರಿಬಿನ (ವಾಯವ್ಯ ಆಫ್ರಿಕದ) ಪೇಟೆಗಳು, ಕೊನೆಗೆ ಒಂಟೆಯ ಬೆನ್ನು. ಎಲ್ಲರ ಲಾಭ, ಎಲ್ಲ ಗಡಿಯ ಸುಂಕ, ದಾರಿಯಲ್ಲಿ ಸತ್ತ ಒಂಟೆಗಳ ನಷ್ಟ ಎಲ್ಲವೂ ಆ 350ರೊಳಗೆ ಅಡಗಿವೆ. ನಷ್ಟಕ್ಕೆ ಸಾಕ್ಷಿಯೂ ಸಿಕ್ಕಿದೆ. 1960ರ ದಶಕದಲ್ಲಿ ಫ್ರೆಂಚ್ ವಿಜ್ಞಾನಿ ತೆಯೊಡೋರ್ ಮೊನೊ ಮಾರಿಟೇನಿಯಾದ ಮರಳುಗಾಡಿನ ನಡುವೆ, ಮಾಡೆನ್ ಇಜಾಫೆನ್ ಎಂಬಲ್ಲಿ, ಯಾವುದೋ ಕಾರವಾನು, ಅಂದರೆ ಒಂಟೆ ವರ್ತಕರ ತಂಡ, ಹೂತಿಟ್ಟು ಹೋಗಿ ಮತ್ತೆ ಬಂದು ಎತ್ತಿಕೊಳ್ಳದ ಸರಕನ್ನು ಪತ್ತೆಮಾಡಿದ. ಎರಡು ಸಾವಿರಕ್ಕೂ ಹೆಚ್ಚು ಹಿತ್ತಾಳೆ ಸಲಾಕೆಗಳು, ಜೊತೆಗೆ ಸಾವಿರಾರು ಕವಡೆ. ಕಾಲ ಸುಮಾರು 12ನೇ ಶತಮಾನ. ಪೋರ್ಚುಗೀಸರು ಆಫ್ರಿಕದ ಕರಾವಳಿ ಹಿಡಿದು ಇಳಿಯುವುದಕ್ಕೆ ಮುನ್ನೂರು ವರ್ಷ ಮೊದಲೇ ಹಿಂದೂ ಮಹಾಸಾಗರದ ಚಿಪ್ಪು ಸಹಾರಾದ ಮರಳಿನಲ್ಲಿತ್ತು.

ಈ ಹಳೆಯ ದಾರಿಯನ್ನು ಪುಣ್ಯದ ದಾರಿಯೆಂದು ಬಣ್ಣಿಸುವುದೂ ಬೇಡ. ಇದೇ ಇಬ್ನ್ ಬತೂತ 1353ರಲ್ಲಿ ಸಹಾರಾದ ತಕೆದ್ದಾ ಎಂಬ ಊರಿನಿಂದ ತನ್ನ ನಾಡಿಗೆ ಮರಳುವಾಗ ಸೇರಿಕೊಂಡ ಕಾರವಾನಿನಲ್ಲಿ 600 ಗುಲಾಮ ಹೆಂಗಸರಿದ್ದರು. ಅದನ್ನು ಅವನು ಹವೆಯ ವರದಿ ಹೇಳುವ ದನಿಯಲ್ಲಿ ಬರೆದು ಮುಂದಕ್ಕೆ ಹೋಗುತ್ತಾನೆ. ಗುಲಾಮಗಿರಿಯಾಗಲಿ ಕವಡೆಯಾಗಲಿ ಯುರೋಪಿನವರ ಹೊಸ ಶೋಧವಲ್ಲ. ಅವೆರಡನ್ನೂ ಹಡಗಿನ ಅಳತೆಗೆ ಹಿಗ್ಗಿಸಿದ್ದು ಅವರು.

ಸೊಂಟದ ಮಟ್ಟದ ನೀರು

ಕವಡೆ ಹಿಡಿಯುವ ಕೆಲಸದ ಒಳ್ಳೆಯ ವರ್ಣನೆ ಸಿಗುವುದು ಫ್ರಾನ್ಸಿನ ಪಿರಾರ್ ದ ಲವಾಲನಿಂದ. 1602ರಲ್ಲಿ ಅವನ ಹಡಗು ಮಾಲ್ಡೀವ್ಸಿನ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. 1607ರವರೆಗೆ ಅವನು ಅಲ್ಲೇ ಸೆರೆಯಾಳಾಗಿದ್ದು ಭಾಷೆ ಕಲಿತ. ತಿಂಗಳಿಗೆ ಎರಡು ಸಲ, ಅಮಾವಾಸ್ಯೆಯ ಮತ್ತು ಹುಣ್ಣಿಮೆಯ ಹಿಂದುಮುಂದಿನ ಮೂರು ಮೂರು ದಿನ ಹೆಂಗಸರು ಸೊಂಟದ ಮಟ್ಟದ ನೀರಿಗಿಳಿದು ಕವಡೆ ಆಯುತ್ತಿದ್ದರು, ಬೇರೆ ದಿನಗಳಲ್ಲಿ ಒಂದೂ ಸಿಗದು ಎನ್ನುತ್ತಾನೆ. ಕಡಲ ದಂಡೆಯಲ್ಲಿರುವವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ: ಆ ದಿನಗಳಲ್ಲಿ ಇಳಿತ ಎಂದಿಗಿಂತ ಹೆಚ್ಚು, ದಿಬ್ಬದ ಅಂಚು ಕೈಗೆ ಸಿಗುತ್ತದೆ. ಇನ್ನೊಂದು ವಿಧಾನ ಇನ್ನೂ ಹಳೆಯದು, ಅರಬ್ ಬರಹಗಾರರು ಅದನ್ನು ಮೊದಲೇ ದಾಖಲಿಸಿದ್ದರು. ತೆಂಗಿನ ಗರಿಗಳನ್ನು ಕಟ್ಟುಕಟ್ಟಾಗಿ ನೀರಿನಲ್ಲಿ ತೇಲಿಬಿಡುವುದು, ಕವಡೆಯ ಹುಳು ಬಂದು ಗರಿಗೆ ಕಚ್ಚಿಕೊಂಡ ಮೇಲೆ ಗರಿಯ ಸಮೇತ ದಂಡೆಗೆ ಎಳೆಯುವುದು.

ಜೀವ ಇರುವಾಗಲೇ ಹಿಡಿಯಬೇಕು. ಅಲೆ ತಂದೆಸೆದ ಸತ್ತ ಕವಡೆ ಮರಳಿಗೆ ಉಜ್ಜಿ, ಬಿಸಿಲಿಗೆ ಸುಣ್ಣದಂತಾಗಿ ಹೊಳಪು ಕಳೆದುಕೊಂಡಿರುತ್ತದೆ. ಅದು ಹಣವಾಗಿ ನಡೆಯುವುದಿಲ್ಲ. ಹಿಡಿದದ್ದನ್ನು ಮರಳಿನಲ್ಲಿ ಹೂತು ಒಳಗಿನ ಹುಳು ಪೂರ್ತಿ ಕೊಳೆಯಲು ಬಿಟ್ಟು, ಆಮೇಲೆ ತೆಗೆದು ಮತ್ತೆ ಮತ್ತೆ ತೊಳೆದು ಒಣಗಿಸುವುದು. ಇಲ್ಲಿ ಅವಸರ ಮಾಡಿದರೆ ನಾತ ಮೂಟೆಯೊಂದಿಗೇ ಹಡಗು ಹತ್ತುತ್ತದೆ. ಒಣಗಿದ್ದನ್ನು 12,000 ಎಣಿಸಿ, ತೆಂಗಿನ ಗರಿಯಲ್ಲಿ ಹೆಣೆದು ಒಳಗೆ ತೆಂಗಿನ ಮರದ್ದೇ ನಾರಿನ ಬಟ್ಟೆ ಹಾಸಿದ ಪುಟ್ಟ ಬುಟ್ಟಿಗಳಲ್ಲಿ ಕಟ್ಟುತ್ತಿದ್ದರು. ಇಬ್ನ್ ಬತೂತನ ಕೊಟ್ಟಕ್ಕೂ ಪಿರಾರನ ಬುಟ್ಟಿಗೂ ನಡುವೆ ಎರಡೂವರೆ ಶತಮಾನ ಸರಿದಿತ್ತು, ಎಣಿಕೆ ಮಾತ್ರ ಅದೇ 12,000. ಒಂದೇ ವರ್ಷದಲ್ಲಿ ಬೇರೆ ಸರಕೇ ಇಲ್ಲದೆ ಬರೀ ಕವಡೆ ತುಂಬಿದ ಮೂವತ್ತು ನಲವತ್ತು ಹಡಗುಗಳು ಬಂಗಾಳಕ್ಕೆ ಹೊರಟದ್ದನ್ನು ಅವನು ನೋಡಿದ್ದ.

ಬಂಗಾಳಕ್ಕೆ ಅಷ್ಟೊಂದು ಏಕೆ? ಮೊಘಲರ ಬೆಳ್ಳಿ ರೂಪಾಯಿ ಸಂತೆಯಲ್ಲಿ ಸೊಪ್ಪು ಕೊಳ್ಳುವ ನಾಣ್ಯವಲ್ಲ. ಚಿಲ್ಲರೆ ಬೇಕಿತ್ತು. ನಾಲ್ಕು ಕವಡೆಗೆ ಒಂದು ಗಂಡಾ, 20 ಗಂಡಾಕ್ಕೆ ಒಂದು ಪಣ, 16 ಪಣಕ್ಕೆ ಒಂದು ಕಹಣ, ನಾಲ್ಕು ಕಹಣಕ್ಕೆ ಒಂದು ರೂಪಾಯಿ, ಅಂದರೆ 5,120 ಕವಡೆ. ಸಿಲ್ಹೆಟ್ಟಿನಲ್ಲಂತೂ (ಈಗ ಬಾಂಗ್ಲಾದೇಶದಲ್ಲಿದೆ) ಕಂಪನಿ ಆಡಳಿತ ಬಂದ ಮೇಲೂ ಭೂಕಂದಾಯವನ್ನು ಕವಡೆಯಲ್ಲೇ ವಸೂಲು ಮಾಡಿ ದೋಣಿ ದೋಣಿಯಾಗಿ ಢಾಕಾಕ್ಕೆ ಸಾಗಿಸುತ್ತಿದ್ದರು. ನಮ್ಮ ಮಾತಿನ ‘ಕವಡೆ ಕಾಸು’ ಈ ಚಿಲ್ಲರೆಯ ಲೋಕದ್ದು. ಯಾವುದರ ಬೆಲೆಯನ್ನೂ ಇದಕ್ಕಿಂತ ಕೆಳಗೆ ಇಳಿಸಲಾಗದು ಎಂಬ ಅರ್ಥದಲ್ಲಿ ಅದು ಸರಿಯಾದ ಮಾತೇ. ಆದರೆ ಅದು ಗೆರೆಯ ಈ ತುದಿಯಲ್ಲಿ ಮಾತ್ರ ಸರಿ.

ತೂಕಕ್ಕೆ ಕೊಂಡು ಎಣಿಕೆಗೆ ಮಾರು

ಹದಿನಾರನೇ ಶತಮಾನದ ಮೊದಲ ದಶಕಗಳಲ್ಲೇ ಪೋರ್ಚುಗೀಸರು ಕವಡೆಯನ್ನು ಗುಡ್‌ಹೋಪ್ ಭೂಶಿರ ಸುತ್ತಿಸಿ ಲಿಸ್ಬನ್ನಿಗೂ ಅಲ್ಲಿಂದ ಪಶ್ಚಿಮ ಆಫ್ರಿಕದ ಗಿನಿ ಕರಾವಳಿಗೂ ಸಾಗಿಸತೊಡಗಿದರು. ಸಹಾರಾದ ಒಂಟೆಗೆ ಹಡಗು ಪೈಪೋಟಿಗೆ ನಿಂತಿತು. 1558ರಲ್ಲಿ ಮಾಲೆಯನ್ನೇ ಹಿಡಿದರು, 1573ರಲ್ಲಿ ದ್ವೀಪದವನೇ ಆದ ಮುಹಮ್ಮದ್ ಠಕುರುಫಾನು ಅವರನ್ನು ಹೊಡೆದೋಡಿಸಿದ. ಆಮೇಲೆ ಬಂದ ಡಚ್ಚರೂ ಇಂಗ್ಲಿಷರೂ ದ್ವೀಪವನ್ನು ಆಳುವ ಗೋಜಿಗೆ ಹೋಗಲಿಲ್ಲ. ಅಲ್ಲಿನ ಜ್ವರಕ್ಕೆ ಯುರೋಪಿನ ನಾವಿಕರು ಹುಳುಗಳಂತೆ ಸಾಯುತ್ತಿದ್ದರು. ಮಾಲ್ಡೀವ್ಸಿನ ದೋಣಿಗಳೇ ತಂದಿಳಿಸುವಾಗ ಹೋಗಿ ಸಾಯುವುದೇಕೆ? ಡಚ್ಚರು ಸಿಲೋನಿನಲ್ಲಿ, ಇಂಗ್ಲಿಷರು ಮುಖ್ಯವಾಗಿ ಒಡಿಶಾದ ಬಾಲಾಸೋರಿನಲ್ಲಿ ಕುಳಿತೇ ಕೊಂಡರು.

ಅವರಿಗೆ ಸಾಗಣೆ ಹೆಚ್ಚುಕಡಿಮೆ ಬಿಟ್ಟಿ ಆಗಿದ್ದು ಯೆಮನಿಗಳ ಆ ಹಳೆಯ ಉಪಾಯದಿಂದ. ಬಟ್ಟೆ, ಮಸಾಲೆ, ಚಹಾ ಎಲ್ಲ ಹಗುರ ಸರಕು. ಬರೀ ಅದನ್ನೇ ತುಂಬಿದರೆ ಹಡಗಿನ ಗುರುತ್ವ ಕೇಂದ್ರ ಮೇಲಕ್ಕೇರಿ, ಗಾಳಿಗೆ ಮಗುಚುವ ಅಪಾಯ. ತಳಕ್ಕೆ ಭಾರ ಹೇಗೂ ಬೇಕು. ಕಲ್ಲು ಮರಳು ಹೇರಿದರೆ ಊರು ಸೇರಿದ ಮೇಲೆ ಎಸೆಯಬೇಕು, ಕವಡೆಯಾದರೆ ಮಾರಬಹುದು. ನೀರು ಸೋಕಿದರೂ ಕೆಡದು, ಇಲಿ ತಿನ್ನದು, ಹೇಗೆ ಸುರಿದರೂ ಸಂದುಗೊಂದಿನಲ್ಲಿ ಕೂರುತ್ತದೆ. ಹೀಗೆ ಆಮ್‌ಸ್ಟರ್‌ಡಾಮಿಗೂ ಲಂಡನ್ನಿಗೂ ಬಂದದ್ದನ್ನು ಕಂಪನಿಗಳು ಹರಾಜು ಹಾಕುತ್ತಿದ್ದವು. ಗುಲಾಮ ವ್ಯಾಪಾರಿಗಳು ಕೊಂಡು ಪೀಪಾಯಿಗಳಿಗೆ ತುಂಬಿ ಆಫ್ರಿಕಕ್ಕೆ ಹೊರಡುತ್ತಿದ್ದರು. ಹದಿನೆಂಟನೇ ಶತಮಾನವೊಂದರಲ್ಲೇ ಡಚ್ಚರೂ ಇಂಗ್ಲಿಷರೂ ಸೇರಿ ಒಯ್ದದ್ದು ಸುಮಾರು ಸಾವಿರ ಕೋಟಿ ಕವಡೆ, ಹನ್ನೊಂದು ಸಾವಿರ ಟನ್ನಿಗೂ ಹೆಚ್ಚು.

ಲಾಭದ ಕೀಲಿ ಎಲ್ಲಿತ್ತೆಂದರೆ, ಯುರೋಪಿನಲ್ಲಿ ಕವಡೆ ತೂಕಕ್ಕೆ ಮಾರಾಟವಾಗುತ್ತಿತ್ತು, ಆಫ್ರಿಕದಲ್ಲಿ ಎಣಿಕೆಗೆ ಚಲಾವಣೆಯಾಗುತ್ತಿತ್ತು. ಮಾಲ್ಡೀವ್ಸಿನ ಕವಡೆ ಗಾತ್ರದಲ್ಲಿ ಚಿಕ್ಕದು, ಒಂದು ಪೌಂಡಿಗೆ ಸುಮಾರು 400 ತೂಗುತ್ತದೆ. ಇನ್ನೂ ಚಿಕ್ಕವು ಸಿಕ್ಕಿದರೆ ಅಷ್ಟೇ ತೂಕಕ್ಕೆ ಇನ್ನೂ ಹೆಚ್ಚು ‘ಹಣ’. ‘ಹ್ಯಾನಿಬಲ್’ ಎಂಬ ಇಂಗ್ಲಿಷ್ ಗುಲಾಮ ಹಡಗಿನ ಕಪ್ತಾನ ತಾಮಸ್ ಫಿಲಿಪ್ಸ್ ಇದನ್ನು ನೇರವಾಗಿಯೇ ಬರೆದಿದ್ದಾನೆ: ಕವಡೆ ಚಿಕ್ಕದಾದಷ್ಟೂ ಬೆಲೆ. ಆ ಕರಾವಳಿಗೆ ಹೋಗುವವನ ಸರಕಿನಲ್ಲಿ ಅರ್ಧದಷ್ಟು ಮೌಲ್ಯ ಕವಡೆ ಮತ್ತು ಹಿತ್ತಾಳೆ ಬೋಗುಣಿಗಳದ್ದೇ ಇರಬೇಕು, ಇಲ್ಲದಿದ್ದರೆ ಉಳಿದ ಸರಕನ್ನು ಯಾರೂ ಮೂಸುವುದಿಲ್ಲ ಎಂಬುದು ಅವನ ಸಲಹೆ.

ವೀದಾದ ದಂಡೆ

1694ರಲ್ಲಿ ಫಿಲಿಪ್ಸ್ ವೀದಾಕ್ಕೆ ಬಂದಾಗಿನ ದೃಶ್ಯದ ಮೇಲೆ ಸ್ವಲ್ಪ ನಿಲ್ಲಬೇಕು. ಅಲ್ಲಿ ಬಂದರು ಕಟ್ಟೆ ಅಂತ ಒಂದಿಲ್ಲ. ಅಲೆಗಳ ಅಬ್ಬರ ಎಷ್ಟೆಂದರೆ ಹಡಗು ದೂರದಲ್ಲೇ ಲಂಗರು ಹಾಕಬೇಕು, ಪೀಪಾಯಿಗಳನ್ನು ಸ್ಥಳೀಯರ ದೋಣಿಗಳಲ್ಲಿ ಅಲೆ ದಾಟಿಸಬೇಕು, ಆಮೇಲೆ ಜೌಗು ದಾರಿಯಲ್ಲಿ ತಲೆಹೊರೆ. ಹೊರುವ ಹಮಾಲರು ಪೀಪಾಯಿಯ ಪಟ್ಟಿಗಳ ನಡುವೆ ಬೆಣೆ ತೂರಿಸಿ ಬಿರುಕು ಮಾಡುತ್ತಿದ್ದರು, ಕವಡೆ ಪಳಪಳ ಉದುರುತ್ತಿತ್ತು. ಅದಕ್ಕೆಂದೇ ಬೆಣೆಗಳನ್ನು ಮಾಡಿಸಿಕೊಂಡಿದ್ದರು ಎಂದು ಕಪ್ತಾನ ಗೊಣಗುತ್ತಾನೆ. ಮನುಷ್ಯರನ್ನು ಕೊಳ್ಳಲು ಬಂದವನು ಕಳ್ಳತನದ ಬಗ್ಗೆ ದೂರುವುದನ್ನು ಓದುವಾಗ ಹಮಾಲರ ಪಕ್ಷ ವಹಿಸದಿರುವುದು ಕಷ್ಟ.

ಎಣಿಕೆ ಹೀಗೆ: ಬೆನ್ನಿಗೆ ತೂತು ಮಾಡಿ ಪೋಣಿಸಿದ 40 ಕವಡೆಗೆ ಒಂದು ಸರ. ಐದು ಸರಕ್ಕೆ, ಅಂದರೆ 200ಕ್ಕೆ, ಒಂದು ‘ಗಲಿನ್ಯಾ’. ಪೋರ್ಚುಗೀಸಿನಲ್ಲಿ ಅದರ ಅರ್ಥ ಕೋಳಿ. 20 ಗಲಿನ್ಯಾಕ್ಕೆ, ಅಂದರೆ 4,000ಕ್ಕೆ, ಒಂದು ‘ಕಬೆಸಾ’. ಅರ್ಥ ತಲೆ. ಐದು ತಲೆಗೆ ಒಂದು ಮೂಟೆ, 20,000. ಒಳನಾಡಿಗೆ ಹೋದರೆ ಕ್ರಮ ಬೇರೆ. ಬಂಬಾರಾ ನಾಡಿನಲ್ಲಿ (ಈಗಿನ ಮಾಲಿ ದೇಶ) ಕವಡೆಯ ‘ನೂರು’ ಅಂದರೆ 80. ಬಂಗಾಳದ ಪಣವೂ 80. ಎರಡಕ್ಕೂ ನಂಟಿದೆಯೆಂದು ನಾನು ಹೇಳುತ್ತಿಲ್ಲ, ಆದರೂ ಎದುರಿಗೆ ಬಂದಾಗ ಒಂದು ಕ್ಷಣ ನಿಲ್ಲುವಂತಾಗುತ್ತದೆ.

ಬೆಲೆ ಕುದುರಿದ ಮೇಲೆ ಹಡಗಿನ ವೈದ್ಯ ಒಬ್ಬೊಬ್ಬರನ್ನೂ ತಪಾಸಣೆ ಮಾಡುತ್ತಿದ್ದ. ಪಾಸಾದವರ ಮೈಗೆ ತಾಳೆ ಎಣ್ಣೆ ಸವರಿ, ಹಡಗಿನ ಗುರುತಿನ ಅಕ್ಷರದ ಕಾದ ಕಬ್ಬಿಣದಿಂದ ಬರೆ ಹಾಕುತ್ತಿದ್ದರು. ಕವಡೆ ದಂಡೆಗೆ ಬಂದ ಅದೇ ದೋಣಿಗಳಲ್ಲಿ, ಅದೇ ಅಲೆಗಳ ಮೇಲೆ ಅವರನ್ನು ಹಡಗಿಗೆ ಒಯ್ಯುತ್ತಿದ್ದರು. ಕೆಲವರು ನೀರಿಗೆ ಹಾರಿ, ಮತ್ತೆ ಎತ್ತಿಕೊಳ್ಳದಂತೆ ಮುಳುಗಿಯೇ ಇದ್ದು ಸತ್ತರು ಎಂದು ಫಿಲಿಪ್ಸನೇ ಬರೆಯುತ್ತಾನೆ. ಹ್ಯಾನಿಬಲ್ ಹೇರಿಕೊಂಡದ್ದು ಸುಮಾರು 700 ಜನರನ್ನು. ಬಾರ್ಬಡೋಸಿನಲ್ಲಿ ಜೀವಂತ ಇಳಿದವರು 372.

(ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ನಮ್ಮ ಸಿದ್ದಿಗಳ ಹಿರೀಕರು ಬಂದ ದಾರಿ ಬೇರೆ: ಬಹುಪಾಲು ಪೂರ್ವ ಆಫ್ರಿಕದಿಂದ, ಪೋರ್ಚುಗೀಸರ ಗೋವೆಯ ಮೂಲಕ. ಎರಡನ್ನೂ ಕಲಸುವುದು ಬೇಡ.)

ಬೆಲೆ ಏರಿದ್ದು ಯಾರಿಗೆ

ವೀದಾದ ಅದೇ ಕರಾವಳಿಯಲ್ಲಿ 1680ರ ದಶಕದಲ್ಲಿ ಒಬ್ಬ ಗುಲಾಮನಿಗೆ ಹತ್ತು ಸಾವಿರದಷ್ಟು ಕವಡೆ ಸಾಕಿತ್ತು. ತೊಂಬತ್ತು ವರ್ಷಗಳಲ್ಲಿ ಅದು ಹದಿನೈದು ಪಟ್ಟು ಮೀರಿತು. ಅಂದರೆ ಒಬ್ಬನ ಬೆಲೆ ಸುಮಾರು 170 ಕಿಲೋ ಚಿಪ್ಪು. ಮೂಟೆಗೆ 23 ಕಿಲೋ ಹಿಡಿದರೆ ಎಂಟು ಜನ ಹೊರಬೇಕಾದ ಹೊರೆ. ಇದರಲ್ಲಿ ಒಂದು ಪಾಲು ಮನುಷ್ಯರಿಗೆ ಬೇಡಿಕೆ ಏರಿದ್ದರಿಂದ ಬಂದದ್ದು, ಇನ್ನೊಂದು ಪಾಲು ಕವಡೆಯೇ ಅಗ್ಗವಾದದ್ದರಿಂದ. ವರ್ಷವರ್ಷವೂ ಹಡಗುಗಟ್ಟಲೆ ಸುರಿದರೆ ಯಾವ ಹಣ ತಾನೇ ತನ್ನ ಬೆಲೆ ಉಳಿಸಿಕೊಂಡೀತು? ಆದರೂ ಒಳನಾಡಿನಲ್ಲಿ ಅದು ಇನ್ನೂ ಭದ್ರ ಹಣವೇ ಆಗಿತ್ತು. 1796ರಲ್ಲಿ ನೈಜರ್ ದಂಡೆಯ ಸೆಗುವಿನ ಅರಸ ಸ್ಕಾಟ್ಲೆಂಡಿನ ಅನ್ವೇಷಕ ಮುಂಗೊ ಪಾರ್ಕನನ್ನು ಊರೊಳಗೆ ಬಿಟ್ಟುಕೊಳ್ಳದೆ, ದಾರಿಖರ್ಚಿಗೆಂದು 5,000 ಕವಡೆ ಕೊಟ್ಟು ಸಾಗಹಾಕಿದ. ತನ್ನ ಒಂದು ದಿನದ ಊಟಕ್ಕೂ ಕುದುರೆಯ ಕಾಳಿಗೂ ಸೇರಿ ನೂರು ಕವಡೆ ಸಾಕು ಎಂದು ಪಾರ್ಕ್ ಬರೆದಿದ್ದಾನೆ. ಊರು ಬೇರೆ, ಕಾಲವೂ ತುಸು ಬೇರೆ ಎಂಬುದನ್ನು ಬದಿಗಿಟ್ಟು ಭಾಗಿಸಿದರೆ ಒಂದೂವರೆ ಲಕ್ಷವೆಂದರೆ ಒಬ್ಬ ಮನುಷ್ಯನೂ ಒಂದು ಕುದುರೆಯೂ ನಾಲ್ಕು ವರ್ಷ ಉಣ್ಣುವಷ್ಟು.

ನನಗೆ ಮುಖ್ಯವೆನಿಸುವುದು ಈ ಏರಿಳಿತಕ್ಕಿಂತ ಹಣ ಹರಿದ ದಿಕ್ಕು. ಮನುಷ್ಯರನ್ನು ಕೊಟ್ಟು ಪಡೆದ ಈ ಹಣವನ್ನು ಹಿಂತಿರುಗಿಸಿ ಯುರೋಪಿನಿಂದ ಏನನ್ನೂ ಕೊಳ್ಳುವಂತಿರಲಿಲ್ಲ. ಲಂಡನ್ನಿನಲ್ಲಿ ಅದು ತಳದ ಭಾರ, ವೀದಾದಲ್ಲಿ ಮಾತ್ರ ಹಣ. ಬಂದದ್ದು ಅಲ್ಲೇ ಸುತ್ತುತ್ತಿತ್ತು: ಸಂತೆಗೆ, ತೆರಿಗೆಗೆ, ಮದುವೆಯ ತೆರಕ್ಕೆ, ಮಡಕೆಯಲ್ಲಿ ತುಂಬಿ ನೆಲದಡಿ ಹೂಳುವುದಕ್ಕೆ. ಅದರಿಂದ ದೊಡ್ಡ ದೊಡ್ಡ ಪೇಟೆಗಳು ನಡೆದವು, ನಿಜ. 1804ರ ನಂತರ ಎದ್ದ ಸೊಕೊಟೊ ಖಿಲಾಫತ್ತಿನ (ಈಗಿನ ಉತ್ತರ ನೈಜೀರಿಯಾ) ಕಾನೊ ಪೇಟೆಯೂ ಈ ಚಿಪ್ಪಿನ ಮೇಲೆಯೇ ನಿಂತಿತ್ತು. ಇವತ್ತಿನ ಘಾನಾದ ನಾಣ್ಯ ಸೆಡಿಗೆ ಹೆಸರು ಬಂದದ್ದು ಅಕಾನ್ ಭಾಷೆಯ ಕವಡೆಯ ಪದದಿಂದ. ಆದರೆ ಆ ಹಣದ ಟಂಕಸಾಲೆಯ ಬೀಗದ ಕೈ ಯಾವತ್ತೂ ಬೇರೆಯವರ ಸೊಂಟದಲ್ಲಿತ್ತು.

1850ರ ದಶಕದಲ್ಲಿ ಜರ್ಮನ್ ಪ್ರವಾಸಿ ಹೈನ್ರಿಕ್ ಬಾರ್ತ್ ಕಾನೊ ಇರುವ ಹೌಸಾ ನಾಡಿನಲ್ಲಿ ಅಲೆದಾಗ ಅಲ್ಲಿ ಪೋಣಿಸುವ ಪದ್ಧತಿ ಇರಲಿಲ್ಲ. ಬಿಡಿ ಕವಡೆಯನ್ನು ಐದೈದಾಗಿ ಸರಿಸಿ ಎಣಿಸಿ, ಇನ್ನೂರರ ಅಥವಾ ಸಾವಿರದ ಗುಡ್ಡೆ ಮಾಡುತ್ತಿದ್ದರು. ಐದಾರು ಜನರ ನೆರವಿನಿಂದ ಐದು ಲಕ್ಷ ಎಣಿಸಿ ಮುಗಿಸಿದ್ದು ನಿಜವಾದ ವೀರಕಾರ್ಯ ಎಂದು ಬಾರ್ತ್ ಬರೆಯುತ್ತಾನೆ. ಕಾನೊದ ದರದಲ್ಲಿ, ಬೆಳ್ಳಿ ಡಾಲರಿಗೆ 2,500ರಂತೆ, ಆ ವೀರಕಾರ್ಯದ ಮೊತ್ತ 200 ಡಾಲರ್.

ಆ ಹೊತ್ತಿಗೆ ಬೀಗದ ಕೈ ಇನ್ನೊಂದು ಸೊಂಟಕ್ಕೆ ದಾಟಿತ್ತು. ಗುಲಾಮ ವ್ಯಾಪಾರ ಕಾನೂನಿನಲ್ಲಿ ನಿಂತಿತ್ತು, ಬ್ರಿಟಿಷರು 1807ರಲ್ಲೇ ನಿಷೇಧಿಸಿದ್ದರು. ಈಗ ಬೇಕಿದ್ದದ್ದು ಸಾಬೂನಿಗೂ ಯಂತ್ರಕ್ಕೂ ತಾಳೆ ಎಣ್ಣೆ. ಅದನ್ನು ಕೊಳ್ಳಲು ಹ್ಯಾಂಬರ್ಗಿನ ವ್ಯಾಪಾರಿಗಳು 1845ರ ಸುಮಾರಿಗೆ ಜಾಂಜಿಬಾರ್ ಕಡೆಯ ಇನ್ನೊಂದು ಜಾತಿಯ ಕವಡೆ ತಂದರು. ಬೆನ್ನ ಮೇಲೆ ಹಳದಿ ಉಂಗುರವಿರುವುದು, ಮಾಲ್ಡೀವ್ಸಿನದಕ್ಕಿಂತ ಸುಮಾರು ಎರಡರಷ್ಟು ತೂಕ, ಮೂಲದಲ್ಲಿ ಅದಕ್ಕಿಂತ ಎಷ್ಟೋ ಅಗ್ಗ. ಪೇಟೆ ಮೊದಲು ಮುಖ ಸಿಂಡರಿಸಿದರೂ ಆಮೇಲೆ ಒಪ್ಪಿತು. ಎರಡೇ ದಶಕದಲ್ಲಿ ಸುರಿದ ಹೊಸ ಕವಡೆ ಹದಿನೆಂಟನೇ ಶತಮಾನದ ಇಡೀ ಆಮದನ್ನು ಮೀರಿಸಿತು. ಹಣ ನೆಲಕಚ್ಚಿತು. ಅಷ್ಟೇ ಬೆಲೆಗೆ ಮೊದಲಿಗಿಂತ ಎಷ್ಟೋ ಪಟ್ಟು ಚಿಪ್ಪು, ಅದೂ ಎರಡರಷ್ಟು ಭಾರದ ಚಿಪ್ಪು ಹೊರಬೇಕಾಗಿ, ಹೊರೆಯ ಕೂಲಿಯೇ ಹೊರೆಯನ್ನು ನುಂಗತೊಡಗಿತು. ಕೊನೆಗೆ ವಸಾಹತು ಸರ್ಕಾರಗಳು ತೆರಿಗೆಗೆ ತಮ್ಮ ನಾಣ್ಯವೇ ಬೇಕೆಂದವು. ನೆಲದಡಿಯ ಮಡಕೆಗಳಲ್ಲಿ ಮೂರ್ನಾಲ್ಕು ತಲೆಮಾರಿನ ಉಳಿತಾಯ ಬರೀ ಚಿಪ್ಪಾಗಿ ಉಳಿಯಿತು.

ಬೆನಿನ್, ಟೋಗೊ ಕರಾವಳಿಯಲ್ಲಿ ಹಿರಿಯರು ಹೇಳುತ್ತಿದ್ದ ಒಂದು ಕತೆ ಇದೆ. ಇಪ್ಪತ್ತನೇ ಶತಮಾನದಲ್ಲಿಯೂ ಅದನ್ನು ಕೇಳಿ ಬರೆದುಕೊಂಡವರಿದ್ದಾರೆ. ಕವಡೆ ಎಲ್ಲಿಂದ ಬಂತು? ಗುಲಾಮರ ಮೈಯನ್ನು ಹಗ್ಗ ಕಟ್ಟಿ ಕಡಲಿಗೆ ಇಳಿಬಿಡುತ್ತಿದ್ದರಂತೆ. ಕವಡೆಗಳು ಬಂದು ಮೈಗೆ ಕಚ್ಚಿಕೊಳ್ಳುತ್ತಿದ್ದವಂತೆ. ಆಮೇಲೆ ಹಗ್ಗ ಎಳೆದು, ಕವಡೆ ಬಿಡಿಸಿಕೊಂಡು, ಮೈಯನ್ನು ಮತ್ತೆ ನೀರಿಗೆ ಬಿಡುತ್ತಿದ್ದರಂತೆ. ಮಾಲ್ಡೀವ್ಸಿನಲ್ಲಿ ತೆಂಗಿನ ಗರಿಯಿಂದ ಮಾಡುತ್ತಿದ್ದ ಕೆಲಸವೂ ಹೆಚ್ಚುಕಡಿಮೆ ಹೀಗೆಯೇ.